ತೊಳೆಯಬಾರದ ಮಸಿ

ಮೂರು ಗಂಟೆಗೆ ಪರಿಶೀಲನಾ ತಂಡ ಬರುತ್ತದೆ, ಲ್ಯಾಬು ಮದುವೆಮನೆ ಪಾತ್ರೆಯಂತೆ ಹೊಳೆಯಬೇಕು ಎಂದು ಶಿಡ್ಲಘಟ್ಟದ ಆ ಕಾಲೇಜಿನ ಪ್ರಿನ್ಸಿಪಾಲರು ಅಪ್ಪಣೆ ಮಾಡಿದ್ದರು. ತಂಡ ಮೆಚ್ಚಿದರೆ, ಎಂಟು ವರ್ಷದಿಂದ ಹಂಗಾಮಿಯಾಗಿದ್ದ ಅಟೆಂಡರ್ ಗಂಗುಲಮ್ಮನ ಕೆಲಸ ಖಾಯಂ. ಅದಕ್ಕೇ ಆಕೆ, ಬೀರುವಿನಿಂದ ಅಂದೇ ಹೊರಬಿದ್ದ ಚೌಕದ ತಾಮ್ರದ ಡಬ್ಬಿಗೆ ಒಂದು ಕಡೆ ಹಿಡಿದಿದ್ದ ಮಸಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಕನ್ನಡಿ ಮಾಡಿಬಿಟ್ಟಳು.

ಭೌತಶಾಸ್ತ್ರದ ಮೋಹನ್‌ಬಾಬು ಮೇಷ್ಟ್ರು ಅದನ್ನು ನೋಡಿ, ಗೂಡು ಕಟ್ಟುವ ಹೊತ್ತಿಗೆ ರೇಷ್ಮೆಹುಳ ಸತ್ತುಹೋದ ರೈತರಂತೆ ತಲೆ ಹಿಡಿದುಕೊಂಡರು.

“ಅದು ಕೊಳೆ ಅಲ್ಲಮ್ಮಾ, ಪ್ರಯೋಗ! ಕರೀ ಮುಖ ಜಾಸ್ತಿ ಶಾಖ ಬಿಡ್ತದೆ, ಹೊಳೆಯೋ ಮುಖ ಕಮ್ಮಿ. ಇಂಥ ಡಬ್ಬಿ ಇಟ್ಕೊಂಡೇ ಇನ್ನೂರು ವರ್ಷದ ಹಿಂದೆ ಕಂಡ್ಹಿಡಿದ್ರು. ಆ ಶಾಖದ ಲೆಕ್ಕ ಬಗೆಹರೀದೆ ತಲೆ ಕೆಡಿಸ್ಕೊಂಡಾಗ್ಲೇ ಹೊಸ ವಿಜ್ಞಾನ ಹುಟ್ಟಿದ್ದು. ನಿನ್ ಮಗನ ಮೊಬೈಲಿನ ಚಿಪ್ಪಿಗೂ ಅದೇ ಮೂಲ. ಎಲ್ಲಾ ತೊಳ್ದು ಮೋರಿಗೆ ಬಿಟ್ಟೆಯಲ್ಲ!”

“ತೊಳೀಬೇಡ ಅಂತ ಒಂದ್ ಮಾತು ಹೇಳಿದ್ರಾ ಸಾರ್?”

“ಎದುರು ಮಾತಾಡ್ಬೇಡ. ಮಸಿ ತಂದು ಬಳಿ, ಹೋಗು.”

ಮೇಣದಬತ್ತಿ ಹಿಡಿದರೆ ಬೆಕ್ಕಿನ ಹೆಜ್ಜೆಯಂಥ ಮಚ್ಚೆ ಬಿತ್ತೇ ಹೊರತು ಮುಖ ಕಪ್ಪಾಗಲಿಲ್ಲ. ಗಂಗುಲಮ್ಮ ತನ್ನ ಬೀದಿಗೆ ಓಡಿದಳು.

“ಮಸಿನಾ?” ಪಕ್ಕದ ಮನೆ ಪೆದ್ದಮ್ಮ ಸಿಡಿದಳು. “ಗ್ಯಾಸ್ ಬಂದು ಐದ್ ವರ್ಷ ಆತು. ನಮ್ಮನೇಲಿ ಮಸಿ ಐತೆ ಅಂತ ಯಾವಳೇ ಹೇಳಿದ್ದು?”

ಎದುರುಮನೆ ರಾಮಲಕ್ಷ್ಮಮ್ಮ ಕಾಂಪೌಂಡಿನಿಂದ ಇಣುಕಿದಳು. “ಅಯ್ಯೋ ದೇವುಡಾ! ಯಾರ ಮುಖಕ್ಕೆ ಬಳೀತೀಯೇ?”

“ಡಬ್ಬಿ ಮುಖಕ್ಕೆ!”

“ಡಬ್ಬಿ ಅನ್ನೋಳಾ? ಪಾಪ, ಚೆನ್ನಾಗೇ ಇದ್ಲು.”

ಕೊನೆಗೆ ಮಸಿ ಸಿಕ್ಕಿದ್ದು ಆವುಲಪ್ಪನ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ, ಗೂಡು ಬೇಯಿಸುವ ಕಡಾಯಿಯ ತಳದಲ್ಲಿ.

“ಬೇಕಾದಷ್ಟು ತಗೊಳಮ್ಮ. ಆದ್ರೆ ಮೂರೂ ಕಡಾಯಿ ಪೂರಾ ಕೆರೆದೇ ಹೋಗ್ಬೇಕು,” ಎಂದ ಆವುಲಪ್ಪ.

ಕೆರೆದಳು. ಇದ್ದ ಒಂದೇ ಒಳ್ಳೆ ಸೀರೆ ಕರಡಿಯ ಚರ್ಮವಾಯಿತು. ಬಸ್‌ಸ್ಟ್ಯಾಂಡಿನ ಜನವೆಲ್ಲ ನಗುತ್ತಿದ್ದರೂ ತಲೆ ಎತ್ತದೆ ನಡೆದು ಬಂದು, ಡಬ್ಬಿಯ ಒಂದು ಮುಖಕ್ಕೆ ಮಸಿಯನ್ನು ಒತ್ತಿ ಒತ್ತಿ ಬಳಿದಳು.

ಮೇಷ್ಟ್ರು ಕುದಿನೀರು ಹುಯ್ದು ನೋಡಿದರು. ಕರೀ ಮುಖದ ಎದುರು ಇಟ್ಟ ಶಾಖ ಅಳೆಯುವ ಮೀಟರಿನ ಮುಳ್ಳು ಚಂಗನೆ ಜಿಗಿಯಿತು.

“ಭೇಷ್! ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ ಕಣಮ್ಮ!”

ಡಬ್ಬಿ ಆರುವ ಹೊತ್ತಿಗೆ ತಂಡ ಬಂತು. ಅದರ ಮುಖ್ಯಸ್ಥರು ವಾಣಿಜ್ಯಶಾಸ್ತ್ರದವರು. ನೇರವಾಗಿ ಬಂದು ಕರೀ ಮುಖದ ಮೇಲೆ ಬೆರಳಾಡಿಸಿದರು, ಬೆರಳು ನೋಡಿಕೊಂಡರು, ಬಿಳೀ ಕರ್ಚೀಫಿಗೆ ಒರೆಸಿದರು. ಕರ್ಚೀಫೂ ಹೋಯಿತು.

“ಏನ್ರೀ ಇದು, ಇಷ್ಟೊಂದು ಕೊಳೆ? ಇಲ್ಲಿ ತೊಳೆಯೋರು ಯಾರೂ ಇಲ್ವಾ?”

ಗಂಗುಲಮ್ಮ ನಿರಾಳವಾಗಿ ಮೇಷ್ಟ್ರ ಕಡೆ ನೋಡಿದಳು. ಇನ್ನೇನು ಇನ್ನೂರು ವರ್ಷದ ಕತೆ ಶುರುವಾಗುತ್ತದೆ.

ಮೇಷ್ಟ್ರು ಕರ್ಚೀಫನ್ನೊಮ್ಮೆ ನೋಡಿ ಕೈಮುಗಿದರು.

“ದಿನಾ ಹೇಳ್ತಾನೇ ಇರ್ತೀನಿ ಸಾರ್. ಈಯಮ್ಮ ತೊಳೆಯೋದೇ ಇಲ್ಲ.”