ಏಳು ಮೆಟ್ಟಿಲಿನ ಅಣು

ಎಲ್ಲಾ ಶುರುವಾದದ್ದು ಗ್ರಾಫಿನ ಗೆರೆಯಲ್ಲಿದ್ದ ಉಬ್ಬುಗಳಿಂದ.

ಲೆಕ್ಕದಣ್ಣ ಆರು ವರ್ಷದಿಂದ ಒಂದೇ ಲೆಕ್ಕ ಮಾಡುತ್ತಿದ್ದ. ಬಣ್ಣದ ನೀರಿಗೆ ಲೇಸರ್ ಬೆಳಕು ಚುರುಕ್ಕನೆ ಬಡಿದರೆ ಅದರೊಳಗಿನ ಅಣು ಬೆಚ್ಚಿಬಿದ್ದು ಅಟ್ಟ ಹತ್ತುತ್ತದೆ. ಆಮೇಲೆ ಯಾವ ಮೆಟ್ಟಿಲಲ್ಲಿ ಎಷ್ಟು ಹೊತ್ತು ಕೂತು ಹೇಗೆ ಇಳಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ಅವನ ಕೆಲಸ. ನಾವು ಕಣ್ಣು ಮಿಟುಕಿಸುವುದರೊಳಗೆ ಅಣು ಕೋಟಿ ಸಲ ಹತ್ತಿ ಇಳಿದಿರುತ್ತದೆ. ಲೆಕ್ಕದಣ್ಣ ಮಾತ್ರ ಹತ್ತಿದಲ್ಲೇ ಇದ್ದ.

ಆವತ್ತು ನಾಲ್ಕು ಗಂಟೆಗೆ ಗೈಡು ಬರುವವರಿದ್ದರು. ಅಳತೆಯ ಗೆರೆಗೂ ಲೆಕ್ಕದ ಗೆರೆಗೂ ತಾಳೆಯಾದರೆ ಪಿಎಚ್.ಡಿ. ಪ್ರಬಂಧ ಒಪ್ಪಿಸಲು ಸಹಿ. ಇಲ್ಲದಿದ್ದರೆ ಇನ್ನೊಂದು ವರ್ಷ. ಮನೆಯಲ್ಲಿ ಅವನ ಅತ್ತೆ ಬಂದವರಿಗೆಲ್ಲ "ನಮ್ಮ ಅಳಿಯಂದ್ರು ಇನ್ನೂ ಓದ್ತಾ ಇದಾರೆ" ಎನ್ನುತ್ತಿದ್ದರು. ಮಗುವಿಗೆ ಇನ್ನೂ ನಡಿಗೆ ಬಂದಿಲ್ಲ ಎನ್ನುವಾಗಿನ ದನಿ ಅದು.

ಬೆಳಿಗ್ಗೆ, ಅಳತೆ ಮಾಡುವ ಲೇಸರ್ ಅಕ್ಕ ಹೊಸ ಫೈಲು ಕಳಿಸಿದಳು. ತೆರೆದು ನೋಡಿದರೆ ಗೆರೆ ನುಣ್ಣಗೆ ಇಳಿಯುವ ಬದಲು, ಮೂವರು ಒಂದೇ ಕಂಬಳಿ ಹೊದ್ದು ಮಲಗಿದ ಹಾಗೆ ಉಬ್ಬು ತಗ್ಗಾಗಿತ್ತು. ಅವನ ಲೆಕ್ಕದಲ್ಲಿದ್ದದ್ದು ಎರಡೇ ಮೆಟ್ಟಿಲು. ಕೇಳೋಣವೆಂದು ಓಡಿದರೆ ಲೇಸರ್ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅದು ಉರಿಯುವಾಗ ಯಮ ಬಂದರೂ ಹೊರಗೇ ಕಾಯಬೇಕು.

ವಾಪಸು ಬರುವಷ್ಟರಲ್ಲಿ ಪಕ್ಕದ ಮೇಜಿನವನು ಅವನ ಕುರ್ಚಿಯಲ್ಲಿ ಕೂತು ಗೆರೆ ನೋಡುತ್ತಿದ್ದ.

"ಒಂದು ಮೆಟ್ಟಿಲು ಸೇರ್ಸು ಮಾರಾಯ. ಇಳಿಯೋವಾಗ ಅದೂ ನಡುವೆ ಎಲ್ಲೋ ದಣಿವಾರಿಸ್ಕೊಳ್ತಿರುತ್ತೆ."

ಲೆಕ್ಕದಣ್ಣ ಸೇರಿಸಿದ. ಒಂದು ಉಬ್ಬು ಮಟ್ಟವಾಯಿತು, ಇನ್ನೊಂದು ಎದ್ದಿತು. ಕಾಫಿ ಲೋಟ ಹಿಡಿದು ಬಂದ, ಲೇಸರಿಗೆ ಕನ್ನಡಿ ಜೋಡಿಸುವವನು, ಅಣು ಏನು ಒಂಟಿ ಪ್ರಾಣಿಯೇ, ನೆರೆಯ ಅಣು ತಳ್ಳುವುದನ್ನು ಲೆಕ್ಕಕ್ಕೆ ಹಿಡಿದಿದ್ದೀಯಾ ಎಂದು ಗದರಿದ. ಅದೂ ಸೇರಿತು. ಸಣ್ಣ ಪೆಟ್ಟಿಗೆಗೆ ದೊಡ್ಡ ಹಾಸಿಗೆ ತುರುಕಿದಂತೆ, ಇಲ್ಲಿ ಒತ್ತಿದರೆ ಅಲ್ಲಿ ಹೊರಬರುತ್ತಿತ್ತು. ಮಧ್ಯಾಹ್ನಕ್ಕೆ ಐದು ಮೆಟ್ಟಿಲು, ಐದನೆಯದು ಕನ್ನಡಿಯವನ ಸಲಹೆ. ಕಂಪ್ಯೂಟರು ಹೆರಿಗೆ ನೋವು ಬಂದವಳ ಹಾಗೆ ನರಳತೊಡಗಿತು. ಒಬ್ಬ ಕಿಟಕಿ ತೆಗೆದ, ಇನ್ನೊಬ್ಬ ಟೇಬಲ್ ಫ್ಯಾನು ತಂದು ಅದರ ಮುಖಕ್ಕೇ ಹಿಡಿದ. ಆರು ವರ್ಷದ ಕಾಗದಗಳು ಕೋಣೆಯೆಲ್ಲ ಹಾರಿದವು. ಮೂರೂವರೆಗೆ ಏಳನೆಯ ಮೆಟ್ಟಿಲು ಸೇರಿದ್ದೇ ತಡ, ಗೆರೆಯ ಮೇಲೆ ಗೆರೆ ಕೂತಿತು. ನಡುವೆ ಕೂದಲೆಳೆ ತೂರಿಸಲೂ ಜಾಗವಿರಲಿಲ್ಲ.

ಗೈಡು ಬಂದು, ಕನ್ನಡಕ ತೆಗೆದು ಹಾಕಿ ನೋಡಿದರು.

"ಈ ಬಣ್ಣಕ್ಕೆ ಏಳು ಮೆಟ್ಟಿಲು ಅಂತ ಇದುವರೆಗೂ ಯಾರೂ ಹೇಳಿರ್ಲಿಲ್ಲ."

ಇಷ್ಟು ಸೂಕ್ಷ್ಮವಾಗಿ ಯಾರೂ ನೋಡಿರಲಿಲ್ಲ ಎಂದು ಪಕ್ಕದ ಮೇಜಿನವನು ಉತ್ತರ ಕೊಟ್ಟ. ಐದನೆಯ ಮೆಟ್ಟಿಲು ತನ್ನದು ಎಂದು ಕನ್ನಡಿಯವನು ತಿಳಿಸಿದ. ಗೈಡು ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಲೇಸರ್ ಅಕ್ಕ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು.

"ಲೆಕ್ಕದಣ್ಣ, ಬೆಳಿಗ್ಗೆ ತಪ್ಪು ಫೈಲು ಕಳಿಸಿಬಿಟ್ಟೆ ಕಣೋ. ಅದು ಖಾಲಿ ಗಾಜಿಂದು. ಬಣ್ಣದ ನೀರು ಹಾಕೋಕೆ ಮುಂಚೆ ದಿನಾ ಒಂದ್ಸಲ ಬರೀ ಗಾಜು ಇಟ್ಟು ಅಳೀತೀವಲ್ಲ, ಅದು."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರನ್ನು ಕೇಳಿದ್ದೇವೆ. ಇಲ್ಲಿ ಕರುವಿನ ಹಲ್ಲೂ ಎಣಿಸಿಯಾಗಿತ್ತು. ಪಕ್ಕದ ಮೇಜಿನವನಿಗೆ ತನ್ನ ಮೇಜು ನೆನಪಾಯಿತು. ಐದನೆಯ ಮೆಟ್ಟಿಲಿಗೆ ವಾರಸುದಾರರಿರಲಿಲ್ಲ.

ಬೈಗುಳ ಬೀಳುತ್ತದೆಂದು ಲೆಕ್ಕದಣ್ಣ ತಲೆ ತಗ್ಗಿಸಿದ. ಗೈಡು ಬೈಯಲಿಲ್ಲ. ನಾವು ಅಳೆಯುವುದೆಲ್ಲ ಇದೇ ಗಾಜಿನೊಳಗೆ ತಾನೆ ಎಂದು ಅಕ್ಕನನ್ನು ಕೇಳಿದರು. ಹೌದೆಂದಳು.

"ಹಾಗಾದ್ರೆ ಎಲ್ಲಾ ಅಳತೆಯಲ್ಲೂ ಗಾಜಿನ ಪಾಲು ಇದ್ದೇ ಇರುತ್ತೆ. ಅದನ್ನ ಇಷ್ಟು ಚೆನ್ನಾಗಿ ಯಾರಪ್ಪಾ ಲೆಕ್ಕ ಹಾಕಿದಾರೆ?" ಎಂದು ಅವನ ಬೆನ್ನು ತಟ್ಟಿದರು.

ಲೆಕ್ಕದಣ್ಣನಿಗೆ ಹೋದ ಜೀವ ಬಂತು. ಗೈಡು ಕಾಗದವೊಂದನ್ನು ತಮ್ಮ ಕಡೆಗೆಳೆದುಕೊಂಡು ಉದ್ದಕ್ಕೆ, ಸುಳಿ ಎಳೆದು ಸಹಿ ಮಾಡಿದರು. ಪಕ್ಕದ ಮೇಜಿನವನು ಅಲ್ಲಿಂದಲೇ ಚಪ್ಪಾಳೆ ತಟ್ಟಿದ.

ಲೆಕ್ಕದಣ್ಣ ಕಾಗದ ಓದಿದ. ಇನ್ನೊಂದು ವರ್ಷದ ವಿಸ್ತರಣೆಯ ಅರ್ಜಿ. ವಿಷಯ ಎನ್ನುವ ಜಾಗದಲ್ಲಿ "ಖಾಲಿ ಗಾಜು" ಎಂದು ಗೈಡೇ ಬರೆದಿದ್ದರು.

"ಬಣ್ಣದ ನೀರು ಆರು ವರ್ಷಕ್ಕೂ ನಿಂಗೆ ಒಲೀಲಿಲ್ಲ. ಇದು ಒಂದೇ ದಿನಕ್ಕೆ ಒಲಿದಿದೆ, ಬಿಡಬೇಡ," ಎಂದು ಹೇಳಿ ಹೋದರು.

ಐದು ಗಂಟೆಗೆ ಹೆಂಡತಿ ಫೋನು ಮಾಡಿ ಸಹಿ ಆಯಿತಾ ಎಂದು ಕೇಳಿದಳು.

"ಆಯ್ತು," ಎಂದ ಲೆಕ್ಕದಣ್ಣ. ಯಾವುದಕ್ಕೆ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.