ಟ್ರೇಯಲ್ಲಿ ಕಡಿಮೆಯಾದ ಬನ್ನು

ಕೊಂಡಿ ಸಾರ್ ಅವತ್ತು ಬೆಳಿಗ್ಗೆ ತಿಂಡಿ ತಿನ್ನದೆ ಮನೆ ಬಿಟ್ಟದ್ದೇ ಎಲ್ಲಕ್ಕೂ ಕಾರಣ. ಹೆಂಡತಿ ಬಡಿಸಿಟ್ಟಿದ್ದಳು, ಇವರಿಗೇ ಗಂಟಲಲ್ಲಿ ಇಳಿಯಲಿಲ್ಲ. ಸಂಜೆ ಮೇಲಿನ ಕಚೇರಿಯಿಂದ ದೊಡ್ಡ ಮೇಡಂ ಬರುವವರಿದ್ದರು. ಅವರು ಒಪ್ಪಿ ತಲೆಯಾಡಿಸಿದರೆ ಸಾರ್ ಕಟ್ಟಿದ ವ್ಯವಸ್ಥೆ ಎಲ್ಲ ಆಸ್ಪತ್ರೆಗಳಿಗೂ ಹೋಗುತ್ತದೆ, ಅದರ ಮುಖ್ಯಸ್ಥರ ಕುರ್ಚಿ ಸಾರ್‌ಗೇ ಎಂದು ಆಸ್ಪತ್ರೆಯ ಲಿಫ್ಟಿನವನಿಗೂ ಗೊತ್ತಿತ್ತು. ಒಪ್ಪದಿದ್ದರೆ ಸಾರ್ ಮತ್ತೆ ಚೀಟಿ ಬರೆಯುವ ಕಿಟಕಿಯ ಹಿಂದೆ.

ವ್ಯವಸ್ಥೆಯ ಹೆಸರು ‘ಒಂದೇ ಮಾತು’. ಮೈಭಾರ ಹೆಚ್ಚಿದ ಮಕ್ಕಳನ್ನು ಮೊದಲು ನೋಡುತ್ತಿದ್ದ ರೀತಿ ನೆನೆದರೆ ಸಾರ್‌ಗೆ ಇವತ್ತಿಗೂ ಮೈ ಉರಿಯುತ್ತದೆ. ಡಾಕ್ಟರು ಓಡು ಎನ್ನುವರು, ಡ್ರಿಲ್ ಮೇಷ್ಟ್ರು ಪಾಪ ಎಂದು ನೆರಳಲ್ಲಿ ಕೂರಿಸುವರು. ಊಟದ ಸಲಹೆ ಕೊಡುವ ಮೇಡಂ ಅರ್ಧ ತಟ್ಟೆ ಎಂದರೆ, ಮನೆಯ ಅಜ್ಜಿ ಬೆಳೆಯೋ ಮಗು ಎಂದು ಎರಡು ತಟ್ಟೆ ಬಡಿಸುವಳು. ಯಾರ ಮಾತು ಕೇಳಬೇಕೋ ತಿಳಿಯದ ಮಗು ಅಳುತ್ತ ಇನ್ನೊಂದು ಬಿಸ್ಕತ್ತು ತಿನ್ನುವುದು. ಸಾರ್ ಇವರನ್ನೆಲ್ಲ ಕಾಡಿ ಬೇಡಿ ಒಂದೇ ಕೋಣೆಯಲ್ಲಿ ಕೂರಿಸಿದರು. ಮಗುವನ್ನು ಬೈಯುವಂತಿಲ್ಲ, ಅಡ್ಡಹೆಸರಿಡುವಂತಿಲ್ಲ, ಒಬ್ಬರಿಗೆ ತಿಳಿದದ್ದು ತಕ್ಷಣ ಎಲ್ಲರಿಗೂ ತಿಳಿಯಬೇಕು, ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ಅಲ್ಲಗಳೆಯುವಂತಿಲ್ಲ, ಆರೈಕೆಯಲ್ಲಿರುವವರು ಆರೈಕೆ ಮಾಡುವವರ ಮೇಲೆ ಅಧಿಕಾರ ನಡೆಸುವಂತಿಲ್ಲ ಎಂದು ನಿಯಮ ಮಾಡಿದರು. ನಾವೆಲ್ಲ ಒಂದೇ ಸರಪಳಿಯ ಕೊಂಡಿಗಳು ಎಂದು ಮಾತುಮಾತಿಗೂ ಹೇಳಿ ಹೇಳಿ ಕೊನೆಗೆ ಅವರಿಗೇ ಆ ಹೆಸರು ಅಂಟಿಕೊಂಡಿತು. ಮಕ್ಕಳಿಗೆ ಅಡ್ಡಹೆಸರು ಬೇಡ ಎಂದವರಿಗೇ ಅಡ್ಡಹೆಸರು ಬಿದ್ದರೂ ಅವರೇನೂ ಬೇಸರಪಡಲಿಲ್ಲ, ಒಳಗೊಳಗೇ ಬೀಗಿದರು.

ಅವರ ಹೆಮ್ಮೆಗೆ ಮುಕುಟವೆಂದರೆ ಬೇಕರಿಯವನ ಮಗಳು. ಬೆಣ್ಣೆ ಸಕ್ಕರೆಯ ಘಮದಲ್ಲೇ ಹುಟ್ಟಿ ಬೆಳೆದ ಹುಡುಗಿ. ಶಾಲೆಯ ಮಹಡಿ ಹತ್ತುವಷ್ಟರಲ್ಲಿ ಅಲ್ಲಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದವಳು ಈಗ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಾಳೆ. ರಿಲೇ ತಂಡದಲ್ಲಿ ಕೊನೆಯ ಓಟ ಅವಳದು. ದಿನಾ ಬೆಳಿಗ್ಗೆ ಬನ್ನಿನ ಟ್ರೇ ಪಕ್ಕದಲ್ಲೇ ಹಾದು ಶಾಲೆಗೆ ಹೋಗುತ್ತಾಳೆ, ಕತ್ತು ಹೊರಳಿಸಿಯೂ ನೋಡುವುದಿಲ್ಲ. ದೊಡ್ಡ ಮೇಡಂಗೆ ಕಾಗದ ಪತ್ರ ತೋರಿಸುವುದಕ್ಕಿಂತ ಆ ಬೇಕರಿಗೇ ಕರೆದೊಯ್ದು ಹುಡುಗಿಯನ್ನೇ ತೋರಿಸುವುದೆಂದು ಸಾರ್ ನಿರ್ಧರಿಸಿದ್ದರು.

ಅದನ್ನು ನೆನಪಿಸಲೆಂದೇ ಬೆಳಿಗ್ಗೆ ಹಿಂಬಾಗಿಲಿನಿಂದ ಬೇಕರಿಗೆ ಹೋದರು. ಹುಡುಗಿ ಆಗಷ್ಟೇ ಶಾಲೆಗೆ ಹೊರಟಿದ್ದಳು. ಬೇಕರಿಯವನು ಒಲೆಯ ಕಡೆ ಮುಖ ಮಾಡಿ ಬ್ರೆಡ್ಡು ಹೊರಗೆಳೆಯುತ್ತಿದ್ದ, ಹಿಟ್ಟು ಕಲಸುವ ಯಂತ್ರದ ಸದ್ದಿನಲ್ಲಿ ಇವರು ಕೆಮ್ಮಿದ್ದು ಅವನಿಗೆ ಕೇಳಲಿಲ್ಲ. ಮೈದಾ ಮೂಟೆಯ ಪಕ್ಕದ ಮೇಜಿನ ಮೇಲೆ ಕ್ರೀಂ ಬನ್ನುಗಳು ಶಾಲೆಯ ಮಕ್ಕಳಂತೆ ಸಾಲಾಗಿ ಕೂತು ಇವರನ್ನೇ ನೋಡುತ್ತಿದ್ದವು. ಹೊಟ್ಟೆ ತಾಳ ಹಾಕುತ್ತಿತ್ತು. ಕೈ ತಾನಾಗಿ ಮುಂದೆ ಹೋಯಿತು, ಬಾಯಿ ತಾನಾಗಿ ತೆರೆಯಿತು, ಸಾರ್ ಸುಮ್ಮನೆ ಅಲ್ಲಿದ್ದರು ಅಷ್ಟೆ. ಆಮೇಲೆ ಮೀಸೆ ಒರೆಸಿಕೊಂಡು, ಸುತ್ತು ಹಾಕಿ ಮುಂಬಾಗಿಲಿಗೆ ಬಂದು, ಸಂಜೆಯ ವಿಷಯ ನೆನಪಿಸಿ, ಗಂಭೀರವಾಗಿ ಆಸ್ಪತ್ರೆಗೆ ನಡೆದರು.

ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಫೋನು ಗುಣುಗಿತು. ‘ಒಂದೇ ಮಾತು’ ಗ್ರೂಪಿನಲ್ಲಿ ಬೇಕರಿಯವನ ತಾಯಿಯ ದನಿ. ಆ ಅಜ್ಜಿಯ ಕಣ್ಣು ತಪ್ಪಿಸಿ ನೊಣವೂ ಅಲ್ಲಿಂದ ಸಕ್ಕರೆ ಹೊತ್ತೊಯ್ಯಲಾರದು.

“ಟ್ರೇಯಲ್ಲಿ ಒಂದು ಬನ್ನು ಇಲ್ಲ. ಮಗು ಶಾಲೆಗೆ ಹೋಗಿದ್ದು ಟ್ರೇ ಪಕ್ಕದ ಹಿಂಬಾಗಿಲಿಂದ. ನಾನು ಅವಳಿಗೇನೂ ಅಂದಿಲ್ಲ. ನಿಯಮದಂತೆ ತಿಳಿಸಿದೀನಿ, ಅಷ್ಟೇ.”

ಸಾರ್ ಏನೋ ಬರೆದು ಅಳಿಸಿ ಮತ್ತೆ ಬರೆಯುವಷ್ಟರಲ್ಲಿ ಊಟದ ಮೇಡಂ ಏನು ಹೇಳಬೇಕೆಂದು ತಿಳಿಸಿಯಾಗಿತ್ತು: ಯಾರೂ ಗದರಬೇಡಿ, ಪರವಾಗಿಲ್ಲ ಮಗು, ಎಲ್ಲರಿಗೂ ಆಗುತ್ತೆ, ನಾಳೆಯಿಂದ ಮತ್ತೆ ಶುರು ಮಾಡೋಣ ಎನ್ನಿ. ಡಾಕ್ಟರು ಹೆಬ್ಬೆರಳು ಎತ್ತಿದರು. ಡ್ರಿಲ್ ಮೇಷ್ಟ್ರು ಶಾಲೆಯಲ್ಲಿ ತಾವೇ ಹೇಳುವುದಾಗಿ ಬರೆದರು. ಬೆವರು ಒರೆಸಿಕೊಳ್ಳುತ್ತಲೇ ಸಾರ್‌ಗೆ ಒಂದು ಕ್ಷಣ ಹೆಮ್ಮೆ ಉಕ್ಕಿತು. ಎಂಥ ವೇಗ, ಎಂಥ ಒಗ್ಗಟ್ಟು. ತಾನು ಕಟ್ಟಿದ್ದು ಸುಮ್ಮನೆ ಕಟ್ಟಿದ್ದಲ್ಲ.

ಆದರೂ ಮೇಷ್ಟ್ರಿಗೆ ಗುಟ್ಟಾಗಿ ಫೋನು ಮಾಡಿ, ಇವತ್ತೊಂದು ದಿನ ಇದನ್ನು ಇಲ್ಲಿಗೇ ಬಿಡಿ, ಅಜ್ಜಿ ತಪ್ಪು ನೋಡಿರಬಹುದು ಎಂದರು. ಮೇಷ್ಟ್ರು ನಕ್ಕರು. “ಸಾರ್, ನನ್ನನ್ನ ಪರೀಕ್ಷೆ ಮಾಡ್ತಿದೀರಾ? ಒಬ್ಬರು ಆಡಿದ್ದನ್ನ ಇನ್ನೊಬ್ಬರು ಅಲ್ಲ ಅನ್ನಬಾರದು ಅಂತ ನೀವೇ ಕಲಿಸಿದ್ದು. ನಾನು ಬಗ್ಗಲ್ಲ.” ಪರೀಕ್ಷೆಯಲ್ಲಿ ಪಾಸಾದವರ ಗತ್ತಿನಲ್ಲಿ ಫೋನಿಟ್ಟರು.

ನಿಜ ಹೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಮಕ್ಕಳ ಎದುರು ಬನ್ನು ಇಡಬೇಡಿ ಎಂದು ಮನೆಮನೆಯಲ್ಲೂ ಭಾಷಣ ಮಾಡಿದ ಮನುಷ್ಯ, ಮೂಟೆಯ ಮರೆಯಲ್ಲಿ ನಿಂತು ಬನ್ನು ತಿಂದೆ ಎಂದು ಇವತ್ತೇ ಹೇಗೆ ಹೇಳಿಯಾನು? ಸಂಜೆ ಕಳೆಯಲಿ ಎಂದುಕೊಂಡು ಸಾರ್ ಬಾಯಿಗೆ ಬೀಗ ಹಾಕಿಕೊಂಡರು.

ಶಾಲೆ ಬಿಟ್ಟ ಕೂಡಲೇ ಹುಡುಗಿ ನೇರ ಅವರ ಕೋಣೆಗೆ ಬಂದಳು. ಮೂಗಿನ ತುದಿ ಕೆಂಪಗಿತ್ತು. ಬೆಳಿಗ್ಗೆಯಿಂದ ಮೇಷ್ಟ್ರು, ಶಾಲೆಯ ನರ್ಸಮ್ಮ, ಬಿಸಿಯೂಟ ಬಡಿಸುವಾಕೆ, ಎಲ್ಲರೂ ಒಬ್ಬರ ನಂತರ ಒಬ್ಬರು ತಲೆ ಸವರಿ ಪರವಾಗಿಲ್ಲ ಮಗು ಎಂದಿದ್ದರಂತೆ. ದಾರಿಯಲ್ಲಿ ಎದುರುಮನೆಯ ದರ್ಜಿ ಕೂಡ ಹೊಲಿಗೆ ನಿಲ್ಲಿಸಿ ಅದೇ ಮಾತು ಹೇಳಿದನಂತೆ, ಅವನಿಗೆ ಯಾರು ತಿಳಿಸಿದರೋ.

“ನಾನು ತಿಂದಿಲ್ಲ ಅಂಕಲ್. ತಿಂದಿದ್ರೆ ಬೈಸ್ಕೋತಿದ್ದೆ. ತಿನ್ನದೇ ಇರೋಳನ್ನ ಎಲ್ರೂ ಸೇರಿ ಕ್ಷಮಿಸ್ತಿದಾರೆ, ಅದನ್ನ ಹೇಗೆ ತಡ್ಕೊಳ್ಳೋದು? ಸಂಜೆ ನಾನು ಯಾವ ಮೇಡಂ ಮುಂದೇನೂ ನಿಲ್ಲಲ್ಲ.”

ಇಂಥ ಹುಡುಗಿಯ ಮುಂದೆ ತಾನೊಬ್ಬ ಕಳ್ಳ ಎನಿಸಿತು ಸಾರ್‌ಗೆ. ಸಮಾಧಾನ ಮಾಡಲು ಹೋಗಿ, ನೀನು ತಿಂದಿಲ್ಲ ಅಂತ ನನಗೆ ಗೊತ್ತಮ್ಮ, ಇಲಿ ಗಿಲಿ ಎತ್ತಿಕೊಂಡು ಹೋಗಿರಬಹುದು ಎಂದುಬಿಟ್ಟರು. ಹುಡುಗಿಯ ಮುಖ ಅರಳಿತು. ಕುಣಿದುಕೊಂಡು ಹೊರಗೆ ಹೋದವಳು ಬಾಗಿಲಲ್ಲಿ ಸಿಕ್ಕ ಊಟದ ಮೇಡಂಗೆ ಅದನ್ನೇ ಹೇಳಿದಳು. ಬೇಕರಿಯಲ್ಲಿ ಇಲಿ ಇದೆ ಎಂದು ಕೊಂಡಿ ಸಾರ್ ಅಂತಾರೆ ಎಂಬ ಸುದ್ದಿ ಗ್ರೂಪಿಗೆ ಬಿತ್ತು. ಶಾಲೆ ಬಳಿಯ ತಿಂಡಿ ಅಂಗಡಿಗಳ ಮೇಲೆ ಕಣ್ಣಿಡಲಿ ಎಂದು ಸಾರ್ ಈಚೆಗಷ್ಟೇ ಅಂಗಡಿ ತಪಾಸಣೆಯ ಅಧಿಕಾರಿಯನ್ನೂ ಆ ಗ್ರೂಪಿಗೆ ಸೇರಿಸಿದ್ದರು.

ಸಾರ್ ಏದುಸಿರು ಬಿಡುತ್ತ ಬೇಕರಿ ಮುಟ್ಟುವಷ್ಟರಲ್ಲಿ ಅರ್ಧ ಬಾಗಿಲು ಕೆಳಗಿಳಿದಿತ್ತು. ಬೀದಿಯ ಜನವೆಲ್ಲ ಅಲ್ಲೇ ಇತ್ತು. ದರ್ಜಿ ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಂದು, ತಾನು ಕಂಡ ಇಲಿಯ ಉದ್ದ ಎಷ್ಟೆಂದು ಅದರಲ್ಲೇ ಅಳೆದು ತೋರಿಸುತ್ತಿದ್ದ. ಅವನು ಯಾವ ಇಲಿಯನ್ನೂ ಕಂಡಿರಲಿಲ್ಲ. ಅಧಿಕಾರಿ ಮೂಟೆಗಳ ಸಂದಿಯಲ್ಲಿ ಟಾರ್ಚು ಬಿಡುತ್ತ, ಇಲಿ ಸಿಗುವವರೆಗೂ ಅಂಗಡಿ ಮುಚ್ಚಬೇಕು, ಹಿಟ್ಟೆಲ್ಲ ಹೊರಗೆ ಸುರಿಯಬೇಕು ಎನ್ನುತ್ತಿದ್ದರು. ಇಲ್ಲದ ಇಲಿ ಎಲ್ಲಿಂದ ಸಿಗಬೇಕು? ಬೇಕರಿಯವನು ಇದ್ದಲ್ಲೇ ಕುಸಿದಿದ್ದ. ನನ್ನ ಅಂಗಡೀಲಿ ಇಲಿ ಅಂದ ನಾಲಿಗೆ ಯಾವುದು ತೋರಿಸಿ ಎಂದು ಅಜ್ಜಿ ಕೋಲು ಕುಟ್ಟುತ್ತಿದ್ದಳು. ಆ ನಾಲಿಗೆ ಸಾರ್ ಬಾಯೊಳಗೆ ಒಣಗಿ ಅಂಟಿಕೊಂಡಿತ್ತು.

ಹುಡುಗಿ ಒಮ್ಮೆ ಅಪ್ಪನ ಮುಖ ನೋಡಿದಳು, ಒಮ್ಮೆ ಇಳಿದ ಬಾಗಿಲು ನೋಡಿದಳು. ನಿಧಾನವಾಗಿ ಅಧಿಕಾರಿಯ ಮುಂದೆ ಬಂದು ನಿಂತಳು.

“ಇಲಿ ಇಲ್ಲ ಸಾರ್. ಬನ್ನು ತಿಂದಿದ್ದು ನಾನೇ ಅಂತ ಬರ್ಕೊಳ್ಳಿ. ಅಂಗಡಿ ತೆಗೀರಿ.”

ಅವಳ ತಲೆ ಬಾಗಲಿಲ್ಲ. ಇಡೀ ದಿನ ತನ್ನದಲ್ಲವೆಂದು ಕೂಗಿ ಹೇಳಿದ ತಪ್ಪನ್ನು ಅಪ್ಪನಿಗಾಗಿ ತಾನೇ ಹೊತ್ತುಕೊಳ್ಳುತ್ತಿರುವ ಆ ಮಗುವನ್ನು ನೋಡಿ ಕೊಂಡಿ ಸಾರ್ ಕಣ್ಣಲ್ಲಿ ನೀರು ಬಂತು. ಕುರ್ಚಿ ಹೋದರೆ ಹೋಗಲಿ ಎನಿಸಿತು.

“ಅವಳಲ್ಲ. ಬೆಳಿಗ್ಗೆ ಹಿಂಬಾಗಿಲಿಂದ ಬಂದು ಬನ್ನು ತಿಂದಿದ್ದು ನಾನು. ಇಲಿ ಅಂತ ಸುಳ್ಳು ಹೇಳಿದ್ದೂ ನಾನೇ.”

ಅಷ್ಟರಲ್ಲಿ ಅರ್ಧ ಬಾಗಿಲ ಕೆಳಗಿನಿಂದ ಬಗ್ಗಿ ಒಬ್ಬರು ಒಳಗೆ ಬಂದರು. ಆಸ್ಪತ್ರೆಯಲ್ಲಿ ಸಾರ್ ಕಾಣದೆ ಇಲ್ಲಿಗೇ ಬಂದ ದೊಡ್ಡ ಮೇಡಂ. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸಾರ್ ಇಂಗು ತಿಂದ ಮಂಗನಂತೆ ನಿಂತರು.

ಮೇಡಂ ಗದರಲಿಲ್ಲ. ಮೊದಲು ಯಾರಿಗೆ ತಿಳಿಯಿತು, ಆಮೇಲೆ ಯಾರಿಗೆ, ಯಾರು ಏನೆಂದರು ಎಂದು ಒಬ್ಬೊಬ್ಬರನ್ನೇ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖದಲ್ಲಿ ನಗು ಹರಡಿತು. ಮಗುವಿನ ವಿಷಯದಲ್ಲಿ ಒಂದು ಬನ್ನು ಆಚೀಚೆಯಾದರೂ ಮನೆ, ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲ ಒಟ್ಟಿಗೆ ಎದ್ದು ನಿಲ್ಲುವುದನ್ನು ತಾನು ಎಲ್ಲೂ ಕಂಡಿಲ್ಲ ಎಂದರು. ಮಗುವಿನ ಮಾತನ್ನು ಮೊದಲು ಕೇಳಬೇಕೆಂಬ ನಿಯಮವೊಂದನ್ನು ಸೇರಿಸಿಕೊಳ್ಳಿ, ಮುಂದಿನ ತಿಂಗಳಿಂದ ಇದು ಎಲ್ಲ ಆಸ್ಪತ್ರೆಗಳಲ್ಲೂ ಜಾರಿಗೆ ಬರಲಿ ಎಂದು ಅಲ್ಲೇ ಹೇಳಿಬಿಟ್ಟರು. ಸಾರ್ ಹೋದ ಜೀವ ಬಂದವರಂತೆ ಉಸಿರೆಳೆದರು. ಬೇಕರಿಯ ಬಾಗಿಲು ಮೇಲಕ್ಕೆ ಹೋಯಿತು.

ನಿನಗೆ ಅನ್ಯಾಯವಾಗಿದೆ, ಏನು ಮಾಡಿದರೆ ಸರಿಹೋಗುತ್ತೆ ಎಂದು ಮೇಡಂ ಹುಡುಗಿಯನ್ನು ಕೇಳಿದರು. ಅವಳು ಯೋಚಿಸಿ ಹೇಳಿದಳು. “ಅಂಕಲ್‌ನೂ ನಮ್ಮ ಹಾಗೇ ನೋಡ್ಕೊಳ್ಳಿ ಮೇಡಂ. ಮಹಡಿ ಹತ್ತುವಾಗ ನನಗಿಂತ ಜಾಸ್ತಿ ಅವರಿಗೇ ಏದುಸಿರು. ಪಾಪ, ಅವರನ್ನ ಯಾರೂ ಕೇಳಲ್ಲ.”

ಅದರಲ್ಲಿ ಅಣಕವಿರಲಿಲ್ಲ, ಅದೇ ಸಾರ್‌ಗೆ ಹೆಚ್ಚು ನಾಟಿತು. ಮಕ್ಕಳ ಸುತ್ತಲಿನ ದೊಡ್ಡವರು ಬದಲಾಗದೆ ಮಕ್ಕಳನ್ನಷ್ಟೇ ತಿದ್ದಲಾಗದು ಎಂದು ಮೇಡಂ ಒಪ್ಪಿದರು. ಡಾಕ್ಟರಿಗೆ ಫೋನು ಹೋಯಿತು, ಅವರು ಹೆಬ್ಬೆರಳು ಎತ್ತಿದರು. ದೊಡ್ಡವರ ಪೈಕಿ ಮೊದಲನೆಯವರಾಗಿ ಕೊಂಡಿ ಸಾರ್ ‘ಒಂದೇ ಮಾತು’ ಆರೈಕೆಗೆ ಸೇರಿದರು. ದಿನಾ ಬೆಳಿಗ್ಗೆ ಅವರನ್ನು ಓಡಿಸುವ ಹೊಣೆ ಹುಡುಗಿಯದು.

“ಹಾಗಾದ್ರೆ ಮುಖ್ಯಸ್ಥರ ಕುರ್ಚಿ...” ಎಂದು ಸಾರ್ ಮೆಲ್ಲಗೆ ತೆಗೆದರು.

ಮೇಡಂ ಮುಖದಲ್ಲಿ ನಿಜವಾದ ಮರುಕವಿತ್ತು. “ಆರೈಕೆಯಲ್ಲಿ ಇರೋರು ಆರೈಕೆ ಮಾಡೋರ ಮೇಲೆ ಅಧಿಕಾರ ನಡೆಸೋ ಹಾಗಿಲ್ಲ ಅಂತ ನಿಮ್ಮ ನಿಯಮದಲ್ಲೇ ಇದೆಯಲ್ಲ. ಎಷ್ಟು ಚೆನ್ನಾಗಿ ಬರೆದಿದ್ದೀರಿ.” ಕುರ್ಚಿ, ಸಾರ್ ತಾವೇ ಗುಟ್ಟಾಗಿ ಫೋನು ಮಾಡಿದರೂ ನಿಯಮ ಬಿಡದ ಡ್ರಿಲ್ ಮೇಷ್ಟ್ರಿಗೆ ಹೋಯಿತು. ಮೇಷ್ಟ್ರು ಬಂದು, ಆ ಪರೀಕ್ಷೆ ಇದಕ್ಕೇ ಅಂತ ನನಗೆ ಆಗಲೇ ಅನುಮಾನ ಇತ್ತು ಸಾರ್ ಎಂದು ಕೈಕುಲುಕಿದರು.

ಸಾರ್ ಮನೆ ಕಡೆ ಹೊರಟರು. ದಾರಿಯಲ್ಲಿ ಐಸ್‌ಕ್ರೀಂ ಗಾಡಿಯೊಂದು ಕಂಡು ಕಾಲು ಒಂದು ಕ್ಷಣ ನಿಂತಿತು. ಕೊಳ್ಳಲಿಲ್ಲ, ಕೇಳಲೂ ಇಲ್ಲ, ಬರೀ ನೋಡಿ ಮುಂದೆ ನಡೆದರು. ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ರೀ, ಐಸ್‌ಕ್ರೀಂ ಗಾಡಿ ಮುಂದೆ ನಿಂತಿದ್ರಂತೆ.”

ಸಾರ್‌ಗೆ ರೇಗಿತು. ಬೀದಿಯಲ್ಲಿ ನಿಂತದ್ದಕ್ಕೂ ಲೆಕ್ಕ ಕೊಡಬೇಕೆ, ಯಾರು ಆ ಚಾಡಿಕೋರ ಎಂದು ಕೇಳಿದರು.

“ಒಬ್ಬರಾ? ಅಜ್ಜಿ ಹೇಳಿದ್ರು, ಮೇಷ್ಟ್ರು ಹೇಳಿದ್ರು, ಊಟದ ಮೇಡಂ ಹೇಳಿದ್ರು, ದರ್ಜಿ ಓಡಿಬಂದು ಹೇಳಿದ. ನೀವು ಅಲ್ಲಿಂದ ಹೊರಡೋಕೆ ಮುಂಚೆನೇ ನನಗೆ ಗೊತ್ತಾಗಿತ್ತು.”

ಸಾರ್ ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತರು. “ಎಲ್ಲರೂ ಒಂದೇ ಥರ ಹೇಳಿದ್ರಾ?”

“ಒಂದಕ್ಷರ ಆಚೀಚೆ ಇಲ್ಲ.”

ಖಾಲಿ ಹೊಟ್ಟೆಯಲ್ಲೂ ಕೊಂಡಿ ಸಾರ್ ಎದೆ ಉಬ್ಬಿತು. ಅವಳು ಮುಂದಿಟ್ಟ ಅರ್ಧ ತಟ್ಟೆ ಊಟಕ್ಕೆ ರಾಜನಂತೆ ಕೂತರು.