ನಾನು ಕಿತ್ತುಹಾಕಿದ ಡಿ ಬಟನ್

೧೯೭೯ರಲ್ಲಿ, ಎಂಟನೇ ಇಯತ್ತೆಯಲ್ಲಿ, ನನ್ನ ಶಿಕ್ಷಣ ಮುಗಿಯಿತು. ಮುಗಿಸಿದವನು ನಾನೇ, ಮಾಸ್ತರರದು ಏನೂ ತಪ್ಪಿಲ್ಲ. ಆಮೇಲೆ ಚಿಕ್ಕೋಡಿಯಲ್ಲಿ ರೇಡಿಯೋ ರಿಪೇರಿ ಕಲಿತೆ, ಟೀವಿ ಕಲಿತೆ. ೧೯೯೪ರಲ್ಲಿ ಕೊಲ್ಹಾಪುರದಿಂದ ಒಂದು ಹಳೆಯ ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಎರಡು ವರ್ಷ ಪುಸ್ತಕದ ಜೊತೆ ಗುದ್ದಾಡಿ ಹಾಲಿನ ಡೇರಿಗೆ ಒಂದು ಪ್ರೋಗ್ರಾಮ್ ಬರೆದೆ. ಹಾಲು ಅಳೆದು ಬಟನ್ ಒತ್ತಿದರೆ ಹಾಕಿದವರ ಹೆಸರು, ಲೀಟರು, ದರ ಎಲ್ಲ ಇರುವ ಚೀಟಿ ಹೊರಬರುತ್ತಿತ್ತು. ಪದವೀಧರರು ನನ್ನ ಅಂಗಡಿಗೆ ಬಂದು ನಿಂತು ನೋಡುತ್ತಿದ್ದರು. ನಾನು ಕೂತಿರುತ್ತಿದ್ದೆ!

ಅದನ್ನು ಮಾರಲಿಲ್ಲ. ಹೆಪ್ಪಿಗೆ ಮಜ್ಜಿಗೆ ಕೇಳಿದವರಿಗೆ ಕೊಡುವಂತೆ, ಫ್ಲಾಪಿ ತಂದವರಿಗೆಲ್ಲ ಬರೆದ ಸಾಲುಗಳ ಸಮೇತ ಕೊಟ್ಟೆ. ಒಯ್ಯಿರಿ, ಬೇಕಾದಂತೆ ತಿದ್ದಿಕೊಳ್ಳಿ, ಇನ್ನೊಬ್ಬರಿಗೂ ಕೊಡಿ ಎಂದೆ. ಹಾಗೆ ರಾಯಬಾಗ ಕಡೆ ಹೋಯಿತು, ಅಥಣಿ ಕಡೆ ಹೋಯಿತು. ಹೋದಲ್ಲೆಲ್ಲ ಒಬ್ಬೊಬ್ಬರು ಒಂದೊಂದು ಬಟನ್ ಕೇಳಿದರು. ನಾನು ಹಾಕಿಕೊಟ್ಟೆ. ಪ್ರೋಗ್ರಾಮ್ ಗಬ್ಬದ ಎಮ್ಮೆಯಂತೆ ನಡೆಯತೊಡಗಿತು.

ಬೇಡವಾದದ್ದನ್ನು ತೆಗೆಯಬೇಕೆಂದು ನಿರ್ಧರಿಸಿದೆ. ಕಣ್ಣಿಗೆ ಬಿದ್ದದ್ದು ಡಿ ಬಟನ್. ನಮ್ಮ ಪಕ್ಕದ ಹಳ್ಳಿಯ ಡೇರಿಯ ಸೆಕ್ರೆಟರಿ ಅಣ್ಣಪ್ಪ ಮೊದಲಿಗೆ ಹೇಳಿ ಹಾಕಿಸಿದ್ದು ಅದು. ಡಿ ಎಂದರೆ ದೇವರ ಹಾಲು. ಅಮವಾಸ್ಯೆಯ ಹಾಲನ್ನು ಮಾರದ ಮನೆಗಳು ಅಲ್ಲಿವೆ. ಅವರು ಡೇರಿಗೆ ತಂದದ್ದನ್ನು ಅಣ್ಣಪ್ಪ ಬೇರೆ ಕ್ಯಾನಿಗೆ ಹಾಕಿ ಗುಡಿಯ ಪಾಯಸಕ್ಕೆ ಕಳಿಸುತ್ತಿದ್ದ. ಡಿ ಒತ್ತಿದರೆ ಲೀಟರು ದಾಖಲಾಗುತ್ತಿತ್ತು, ಚೀಟಿ ಬರುತ್ತಿರಲಿಲ್ಲ. ಚೀಟಿ ಕೈಗೆ ಬಂದರೆ ಹಾಲು ಮಾರಿದಂತೆ.

ಅನ್ಯಾಯವಾಗಿ ತೆಗೆಯಬಾರದೆಂದು ಖುದ್ದು ಪರಿಶೀಲನೆಗೆ ಹೊರಟೆ. ಹುಣ್ಣಿಮೆಯ ಮರುದಿನ ಪಾಡ್ಯದಿಂದ ಚತುರ್ದಶಿಯವರೆಗೆ ಹದಿನಾಲ್ಕು ದಿನ ಡೇರಿಯಲ್ಲಿ ಕೂತು ಬಟನ್ ಎಣಿಸಿದೆ. ಡಿ ಒತ್ತಿದವರು ಒಬ್ಬರೂ ಇಲ್ಲ! ಹದಿನೈದನೆಯ ದಿನ ಹೋಗಲಿಲ್ಲ. ಅಂದು ಅಮವಾಸ್ಯೆ, ಅಮವಾಸ್ಯೆಯ ದಿನ ನಾನು ಕೆಲಸದ ಮೇಲೆ ಮನೆ ಬಿಟ್ಟು ಹೊರಡುವವನಲ್ಲ.

ಆದರೂ ನೋಟಿಸ್ ಕೊಡದೆ ತೆಗೆದೆನೇ? ಇಲ್ಲ. ಪ್ರೋಗ್ರಾಮ್ ತೆರೆದ ಕೂಡಲೇ "ಮುಂದಿನ ತಿಂಗಳಿಂದ ಡಿ ಬಟನ್ ಬಂದ್" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರುವ ಹಾಗೆ ಮಾಡಿದೆ. ತಿಂಗಳು ಪೂರ್ತಿ ಬಂತು. ಯಾರೂ ತಕರಾರು ಎತ್ತಲಿಲ್ಲ. ಸರ್ವಾನುಮತ ಎಂದು ಭಾವಿಸಿ ಡಿ ಬಟನ್ನಿನ ಒಂಬತ್ತು ಸಾಲು ಅಳಿಸಿ, ಹೊಸ ಫ್ಲಾಪಿ ಹಂಚಿದೆ.

ಮುಂದಿನ ಅಮವಾಸ್ಯೆಯ ಬೆಳಿಗ್ಗೆ ಅಣ್ಣಪ್ಪ ವಾಡಿಕೆಯಂತೆ ಡಿ ಒತ್ತಿದ. ಯಂತ್ರಕ್ಕೆ ಡಿ ಗೊತ್ತಿಲ್ಲ. ಮಾಮೂಲಿ ಹಾಲೆಂದು ತಿಳಿದು ದರ ಹಾಕಿ ಚೀಟಿ ಬಿಟ್ಟಿತು. ಮುಂದೆ ನಿಂತಿದ್ದವಳು ಬಾಳವ್ವ. ಓದು ಬಾರದ ಮುದುಕಿ. ಅಣ್ಣಪ್ಪ ಕೈ ರೂಢಿಯಲ್ಲಿ ನೋಡದೆ ಹರಿದು ಕೊಟ್ಟದ್ದನ್ನು ಇಸಿದುಕೊಂಡು ಮನೆಗೆ ಹೋದಳು. ಅದು ಏನೆಂದು ಓದಿ ಹೇಳಿದವಳು ಅವಳ ಸೊಸೆ.

ಮಧ್ಯಾಹ್ನ ಅಣ್ಣಪ್ಪ ಅವಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದ. ನೋಟಿಸ್ ನೋಡಲಿಲ್ಲವೇ ಎಂದು ನಾನು ಅವನ ಮೇಲೆಯೇ ಏರಿಹೋದೆ.

"ದಿನಾ ಬರ್ತಿತ್ತಲ್ರಿ ಅದು," ಎಂದ ಅಣ್ಣಪ್ಪ. "ನೀವು ನಮಸ್ಕಾರ ಹಾಕೀರಿ ಅಂದ್ಕೊಂಡು ನಾನೂ ಕೈ ಮುಗದು ಎಂಟರ್ ಹೊಡಿತಿದ್ನಿ."

ನಾನು ಹದಿನಾಲ್ಕು ದಿನದ ಲೆಕ್ಕದ ಹಾಳೆ ತೆಗೆದು ತೋರಿಸಿದೆ. ನನ್ನ ಹೆಂಡತಿ ಶಾಂತಾ ಬಾಗಿಲಲ್ಲಿ ನಿಂತು ಹಾಳೆಯನ್ನು ನೋಡಿದಳು. "ಸಾಲಿ ಬಿಟ್ಟಿದ್ದು ಇರ್ಲಿ. ಅಮವಾಸಿ ಹದಿನೈದನೇ ದಿನಕ್ಕ ಬರತೈತಿ ಅನ್ನಾಕ ಸಾಲಿ ಕಲೀಬೇಕೇನ್ರಿ?"

ಬಾಳವ್ವ ನಗಲಿಲ್ಲ. ಹನ್ನೆರಡು ವರ್ಷದ ಹಿಂದೆ ಅವಳ ಮಗ ಹಾವು ಕಚ್ಚಿ ಸಾಯುವ ಹಾಗಾಗಿದ್ದ. ಮಗ ಉಳಿದರೆ ಅಮವಾಸ್ಯೆಯ ಹಾಲು ಮಾರುವುದಿಲ್ಲ ಎಂದು ಚಿಂಚಲಿ ಮಾಯಕ್ಕನಿಗೆ ಹರಕೆ ಹೊತ್ತಿದ್ದಳು. ಮಗ ಉಳಿದ. ಚೀಟಿ ಬಂದ ಈ ಬೆಳಿಗ್ಗೆ, ಹರಕೆ ಮುರಿಯಿತೆಂದು ಹೆದರಿ, ಅವನು ಕಬ್ಬಿನ ಗದ್ದೆಗೆ ಹೋಗಲು ಹೊರಟಾಗ ಬಾಗಿಲಿಗೆ ಅಡ್ಡ ನಿಂತು ತಡೆದು ಬಂದಿದ್ದಳು.

"ಆಯಿ, ಈಗ ಅಳಿಸಿಬಿಡ್ತೀನಿ. ಮಾರಿದ್ದು ಅಂತ ಎಲ್ಲೂ ಉಳಿಯೂದಿಲ್ಲ," ಎಂದೆ.

"ನಿನ್ನ ಡಬ್ಬಿಯಾಗಿಂದು ಅಳಸ್ತೀಯಪ್ಪಾ. ನಾ ಈ ಕೈಲೆ ಇಸ್ಕೊಂಡ್ನಲ್ಲ?" ಮತ್ತೆ ಕೇಳಿದಳು: "ಅದು ಅಷ್ಟು ಜಾಗಾ ಹಿಡದಿತ್ತೇನ್ ತಮ್ಮಾ?"

"ಒಂಬತ್ತ ಸಾಲ, ಆಯಿ."

"ಒಂಬತ್ತ ಸಾಲ," ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಚೀಟಿಯನ್ನು ಮೇಜಿನ ಮೇಲಿಟ್ಟು ಹೋದಳು.

ಅಂದೇ ಸಂಜೆ ಒಂಬತ್ತು ಸಾಲು ಮತ್ತೆ ಬರೆದೆ. ಮರುದಿನದಿಂದ ಸೈಕಲ್ ಮೇಲೆ ಊರೂರು ತಿರುಗಿ ಫ್ಲಾಪಿ ಬದಲಿಸಿದೆ. ನಾನು ಕೊಟ್ಟವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಕೊಟ್ಟಿದ್ದರು. ಮಜ್ಜಿಗೆ ಯಾವ ಮನೆ ಸೇರಿತೆಂದು ಯಾರು ಹೇಳಬೇಕು? ಅಲಖನೂರಿನಲ್ಲಿ ಒಬ್ಬ ಡೇರಿಯವನು ಮಾತ್ರ ನಕ್ಕ. ನನ್ನ ಹೊಸ ಫ್ಲಾಪಿ ಅವನ ಕೈ ಸೇರಿದ ದಿನವೇ ಸಾಲುಗಳನ್ನೆಲ್ಲ ಓದಿ, ಡಿ ಬಟನ್ನನ್ನು ತಾನೇ ತಿರುಗಿ ಹಾಕಿಕೊಂಡಿದ್ದನಂತೆ. ನನ್ನ ಪ್ರೋಗ್ರಾಮನ್ನು ನನಗಿಂತ ಚೆನ್ನಾಗಿ ತಿಳಿದವನು ಇದ್ದಾನೆಂದು ಹೊಟ್ಟೆಗೆ ಸ್ವಲ್ಪ ಉರಿಯೂ ಬಿತ್ತು.

ಬಾಳವ್ವನ ಮಗನಿಗೆ ಏನೂ ಆಗಲಿಲ್ಲ, ಗಟ್ಟಿಯಾಗಿದ್ದಾನೆ. ಆದರೆ ಅವಳು ಅಮವಾಸ್ಯೆಗೆ ಡೇರಿಯ ಮೆಟ್ಟಿಲು ಹತ್ತುವುದಿಲ್ಲ. ತಂಬಿಗೆ ಹಿಡಿದು ಗುಡಿಗೆ ತಾನೇ ನಡೆದುಹೋಗುತ್ತಾಳೆ. ನಾನು ಎದುರಾದರೆ ಆರಾಮೇನಪ್ಪಾ ಎಂದು ಕೇಳುತ್ತಾಳೆ. ಹೌದು ಎನ್ನುತ್ತೇನೆ.

ಈಗ ನನ್ನ ಹತ್ತಿರ ಇರುವುದು: ಕಂಪ್ಯೂಟರ್ ಒಂದು, ಫ್ಲಾಪಿ ಇಪ್ಪತ್ತಾರು, ಅವುಗಳಲ್ಲಿ ಓದಿಸಿಕೊಳ್ಳುವವು ಹತ್ತೊಂಬತ್ತು. ಪ್ರೋಗ್ರಾಮ್ ಒಂದು, ಬಟನ್ ಹದಿನಾಲ್ಕು. ಬಾಳವ್ವನ ಹೆಸರಿನ ಚೀಟಿ ಒಂದು, ಎರಡೂವರೆ ಲೀಟರಿನದು.